ಊರ ಹೊಗಳಿಕೆಯೂ ಊರ ಹೊಣೆಯೂ



ಕೆಲವು ತಿಂಗಳುಗಳ ಹಿಂದೆ, ಒಂದು ಭಾನುವಾರದ ಸಾಯಂಕಾಲ, ನಾವು ಜಗಲಿಯಲ್ಲಿ ಕುಳಿತು ಹಳೆಯ ಪುಸ್ತಕಗಳ ಧೂಳನ್ನು ಒರಸುತ್ತಿದ್ದಾಗ ನಮ್ಮ ಹಳೆಯ ಶಿಷ್ಯನೊಬ್ಬನು ಬಂದನು. ಈಗ ಅವನು ಉಡುಪಿಯಲ್ಲಿ ಲೆಕ್ಕಪರಿಶೋಧಕನಾಗಿದ್ದಾನೆ. ಹಗಲೆಲ್ಲ ವರ್ತಕರ ಲೆಕ್ಕದ ಪುಸ್ತಕಗಳನ್ನು ನೋಡಿ, ರಾತ್ರಿ ಊಟವಾದ ಮೇಲೆ ಊರಿನ ವಿಷಯವಾಗಿ ಲೇಖನ ಬರೆಯುವುದು ಅವನ ಹವ್ಯಾಸ. ಮುಂಬಯಿ, ದುಬೈ ಮೊದಲಾದ ಕಡೆಗಳಲ್ಲಿ ನೆಲಸಿರುವ ನಮ್ಮವರು ಅವುಗಳನ್ನು ತಮ್ಮ ತಮ್ಮ ಫೋನುಗಳಲ್ಲಿ ಓದಿ ಕಣ್ಣೀರು ತಂದುಕೊಳ್ಳುವರಂತೆ. ಅಂತಹ ಮೂವತ್ತು ಲೇಖನಗಳ ಕಟ್ಟೊಂದನ್ನು ನಮ್ಮ ಮುಂದಿಟ್ಟು, "ಮಾಷ್ಟ್ರೆ, ಇವನ್ನು ಪುಸ್ತಕವಾಗಿ ಅಚ್ಚು ಹಾಕಿಸಬೇಕೆಂದಿದ್ದೇನೆ. ಮುನ್ನುಡಿಯಾಗಿ ನಿಮ್ಮ ನಾಲ್ಕು ಮಾತು ಬೇಕು" ಎಂದನು.

ಎರಡು ರಾತ್ರಿ ಕುಳಿತು ಅವುಗಳನ್ನು ಓದಿದೆವು. ಭಾಷೆ ಶುದ್ಧವಾಗಿದೆ, ಅಲ್ಪಪ್ರಾಣ ಮಹಾಪ್ರಾಣಗಳ ತಪ್ಪು ನಾಲ್ಕೈದಕ್ಕಿಂತ ಹೆಚ್ಚಿಲ್ಲ. ರಥಬೀದಿಯ ಮುಸ್ಸಂಜೆ, ಮಲ್ಪೆಯ ಕಡಲು, ಶಂಕರಪುರದ ಮಲ್ಲಿಗೆ, ಮಟ್ಟುವಿನ ಗುಳ್ಳ, ಬಡಗುತಿಟ್ಟಿನ ಚೆಂಡೆ, ಹೋಟೆಲುಗಳ ಮಸಾಲೆದೋಸೆ ಇವೆಲ್ಲವನ್ನೂ ಅವನು ಪ್ರೀತಿಯಿಂದ ವರ್ಣಿಸಿದ್ದಾನೆ. ಸುಳ್ಳೆಂಬುದು ಎಲ್ಲಿಯೂ ಇಲ್ಲ. ಆದರೂ ಮೂವತ್ತನ್ನೂ ಮುಗಿಸಿದ ಮೇಲೆ, ಮದುವೆಯ ಮನೆಗೆ ಹೋಗಿ ಪಾನಕ ಕುಡಿದು ಊಟವಿಲ್ಲದೆ ಮರಳಿದವರಂತೆ ನಮಗಾಯಿತು. ಕೊರತೆ ಯಾವುದೆಂಬುದು ಒಡನೆ ತಿಳಿಯಲಿಲ್ಲ.

ಮರುದಿನ ಸ್ನಾನಮಾಡುವಾಗ ನಮ್ಮ ಗುರುಗಳು ಪಾಠ ಹೇಳಿದ ಮೀಮಾಂಸೆಯ ವಿಷಯವೊಂದು ನೆನಪಿಗೆ ಬಂದಿತು. ವೇದವಾಕ್ಯಗಳಲ್ಲಿ 'ಇದನ್ನು ಮಾಡತಕ್ಕದ್ದು' ಎಂದು ಅಪ್ಪಣೆ ಕೊಡುವುದಕ್ಕೆ ವಿಧಿಯೆಂದು ಹೆಸರು. ಯಾವುದನ್ನಾದರೂ ಹೊಗಳುವ ವಾಕ್ಯಕ್ಕೆ ಅರ್ಥವಾದವೆಂದು ಹೆಸರು. ಅರ್ಥವಾದಕ್ಕೆ ತಾನೇ ತಾನಾಗಿ ಪ್ರಾಮಾಣ್ಯವಿಲ್ಲ, ಅದು ಯಾವುದಾದರೊಂದು ವಿಧಿಯೊಡನೆ ಕೂಡಿಕೊಂಡಾಗ ಮಾತ್ರ ಸಾರ್ಥಕವಾಗುತ್ತದೆ ಎಂಬುದು ಮೀಮಾಂಸಕರ ನಿರ್ಣಯ. ಮನೆಯ ಮಾತಿನಲ್ಲಿ ಹೇಳುವುದಾದರೆ, "ಈ ಕಷಾಯ ಕೆಮ್ಮಿಗೆ ಬಹಳ ಒಳ್ಳೆಯದು" ಎಂದು ಅಜ್ಜಿ ಹೇಳಿದರೆ ಅದು ಅರ್ಥವಾದ. "ಕುಡಿ, ಮಗಾ" ಎಂದು ಲೋಟವನ್ನು ಕೈಗಿತ್ತರೆ ಅದು ವಿಧಿ. ಕುಡಿಯೆಂಬ ಮಾತಿಲ್ಲದೆ ಕಷಾಯದ ಗುಣವನ್ನು ದಿನವಿಡೀ ಹೊಗಳಿದರೂ ಮೊಮ್ಮಗನ ಕೆಮ್ಮು ಹೋಗದಷ್ಟೆ. ನಮ್ಮ ಶಿಷ್ಯನ ಮೂವತ್ತು ಲೇಖನಗಳೂ ಅರ್ಥವಾದಗಳೇ. ಒಂದರಲ್ಲಿಯಾದರೂ ವಿಧಿಯಿಲ್ಲ.

ಮುಂದಿನ ಭಾನುವಾರ ಅವನು ಬಂದಾಗ ಇದನ್ನೇ ಹೇಳಿದೆವು. ಅವನು ನೊಂದುಕೊಳ್ಳಲಿಲ್ಲ, ಲೆಕ್ಕದವನಾದುದರಿಂದ ನೇರವಾಗಿ ಕೇಳಿದನು: "ಹಾಗಾದರೆ ಊರಿನ ವಿಷಯದಲ್ಲಿ ವಿಧಿ ಯಾವುದು, ಮಾಷ್ಟ್ರೆ? ನಾನು ಶಾಸಕನಲ್ಲ, ಸಾಹುಕಾರನಲ್ಲ. ನನ್ನಂಥವನು ಊರಿಗೆ ಏನು ಮಾಡಲಾಪನು?"

ಈ ಪ್ರಶ್ನೆ ಬಹು ಗೃಹಸ್ಥರ ಮನಸ್ಸಿನಲ್ಲಿರತಕ್ಕದ್ದೇ ಆದುದರಿಂದ ನಾವು ಅವನಿಗೆ ಹೇಳಿದುದನ್ನು ಇಲ್ಲಿ ವಾಚಕರ ಮುಂದೆಯೂ ಇಡುತ್ತೇವೆ. ಕಡೆಯಲ್ಲಿ ಅವನು ನಮಗೆ ಹೇಳಿದುದನ್ನೂ ಮುಚ್ಚಿಡುವುದಿಲ್ಲ.

ನಮ್ಮ ಕರಾವಳಿಯ ಜಿಲ್ಲೆ ಮೊದಲಿನಿಂದಲೂ ಬಡಜಿಲ್ಲೆ. ಮಳೆ ಬಹಳ, ಬಯಲು ಕಡಮೆ. ಕೆಂಪುಮುರಕಲ್ಲಿನ ಗುಡ್ಡಗಳೇ ಹೆಚ್ಚು. ಇಂತಹ ನೆಲದಲ್ಲಿ, ಸುಮಾರು ಇಪ್ಪತ್ತೈದು ವರ್ಷಗಳೊಳಗಾಗಿ, ಐದು ದೊಡ್ಡ ಬ್ಯಾಂಕುಗಳು ಹುಟ್ಟಿದುವು. ಅವುಗಳನ್ನು ಹುಟ್ಟಿಸಿದವರು ಯಾರು? ದೂರದ ಕೋಟ್ಯಧೀಶರಲ್ಲ. ಬೇರೆ ಬೇರೆ ಉದ್ಯೋಗಗಳಲ್ಲಿದ್ದ ಊರಿನವರೇ.

ಮಂಗಳೂರಿನ ಅಮ್ಮೆಂಬಳ ಸುಬ್ಬರಾವ್ ಪೈಗಳು ವಕೀಲರು. ವಕೀಲರಿಗೆ ಊರಿನ ಮನೆಮನೆಯ ಕಷ್ಟವೂ ಕಾಗದಪತ್ರಗಳ ರೂಪದಲ್ಲಿ ಕಣ್ಣಿಗೆ ಬೀಳುತ್ತದೆ. ಯಾರ ಭೂಮಿ ಸಾಲಕ್ಕೆ ಹೋಯಿತು, ಯಾರ ಮನೆಯಲ್ಲಿ ಓದಿದವರಿಲ್ಲದೆ ಪತ್ರಕ್ಕೆ ಹೆಬ್ಬೆಟ್ಟು ಬಿತ್ತು ಎಂಬುದು ಅವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. ಪೈಗಳು ಮೊದಲು ಶಾಲೆ ಕಟ್ಟಿದರು: ೧೮೯೧ರಲ್ಲಿ ಕೆನರಾ ಹೈಸ್ಕೂಲು, ೧೮೯೪ರಲ್ಲಿ ಹೆಣ್ಣುಮಕ್ಕಳಿಗೆಂದೇ ಇನ್ನೊಂದು ಶಾಲೆ. ಹೆಣ್ಣುಮಕ್ಕಳನ್ನು ಓದಿಗೆ ಕಳುಹಿಸುವುದು ಅಪರೂಪವಾಗಿದ್ದ ಕಾಲವದು ಎಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಬಳಿಕ ೧೯೦೬ರ ಜುಲೈ ೧ರಂದು ಅವರು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಎಂಬ ನಿಧಿಯನ್ನು ತೆರೆದರು. ಅದೇ ೧೯೧೦ರಲ್ಲಿ ಕೆನರಾ ಬ್ಯಾಂಕ್ ಎಂಬ ಹೆಸರನ್ನು ಪಡೆಯಿತು. ಆ ಹೆಸರನ್ನು ಕೇಳಲು ಸ್ಥಾಪಕರು ಉಳಿದಿರಲಿಲ್ಲ. ೧೯೦೯ರಲ್ಲಿಯೇ ಅವರು ತೀರಿಕೊಂಡಿದ್ದರು.

ಅದೇ ೧೯೦೬ರ ಮಾರ್ಚ್ ೧೨ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹದ್ದೂರರು ಇನ್ನೊಂದು ಬ್ಯಾಂಕನ್ನು ಆರಂಭಿಸಿದರು. ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎಂದು ಪ್ರಸಿದ್ಧವಾದುದು ಅದೇ. ಮೂಲಧನ ೫,೦೦೦ ರೂಪಾಯಿ. ಮೊದಲ ದಿನ ಬಾಗಿಲು ಮುಚ್ಚುವ ಹೊತ್ತಿಗೆ ಕೂಡಿದ ಹಣ ೩೮ ರೂಪಾಯಿ ೧೩ ಆಣೆ ೨ ಪೈ. ಈ ಮೊತ್ತವನ್ನು ನಾವು ತರಗತಿಯಲ್ಲಿ ಅನೇಕ ಸಲ ಹಲಗೆಯ ಮೇಲೆ ಬರೆದು ತೋರಿಸಿದ್ದುಂಟು. ಮಕ್ಕಳು ನಗುತ್ತಿದ್ದರು. ನಗುವ ಮಾತೇನೂ ಅದಲ್ಲ. ಆ ಕಡೆಯ ಎರಡು ಪೈಯನ್ನು ಕೂಡ ಬಿಡದೆ ಪುಸ್ತಕದಲ್ಲಿ ಬರೆದುಕೊಂಡ ಕೈಯಿದೆಯಲ್ಲ, ಜನರು ಆ ಕೈಯನ್ನು ನಂಬಿದರು.

ಈಗ ನೇಯ್ಗೆಯ ವಿಷಯಕ್ಕೆ ಬರೋಣ. ನಮ್ಮ ಈ ಲೇಖನದ ನೂಲು ಅಲ್ಲಿಯೇ ಸಿಕ್ಕಿಕೊಂಡಿದೆ. ಉಡುಪಿ, ಬ್ರಹ್ಮಾವರ, ಮೂಲ್ಕಿ, ಕಿನ್ನಿಗೋಳಿ ಈ ಪ್ರದೇಶಗಳಲ್ಲಿ ಶೆಟ್ಟಿಗಾರರ ಮನೆಗಳಲ್ಲಿ ಮಗ್ಗದ ಸದ್ದು ಬಹುಕಾಲದಿಂದಲೂ ಕೇಳಿಬರುತ್ತಿತ್ತು. ೧೯೨೦ರ ದಶಕದಲ್ಲಿ ಕೈಮಗ್ಗದ ಕಸಬಿಗೆ ದುರ್ದಶೆ ಒದಗಿತು. ನೇಯ್ದ ಬಟ್ಟೆಗೆ ಬೆಲೆಯಿಲ್ಲ, ನೂಲು ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಆಗ ಉಡುಪಿಯಲ್ಲಿ ಮೂವರು ಕೂಡಿದರು. ಉಪೇಂದ್ರ ಅನಂತ ಪೈಗಳು ವ್ಯಾಪಾರಸ್ಥರು, ವಾಮನ ಕುಡ್ವರು ಎಂಜಿನಿಯರು, ಟಿ. ಎಂ. ಎ. ಪೈಗಳು ವೈದ್ಯರು. ೮,೦೦೦ ರೂಪಾಯಿ ಬಂಡವಾಳದಿಂದ ೧೯೨೫ರಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆ ನಿಂತಿತು. ನೇಕಾರರಿಗೆ ಸಹಾಯವಾಗಲೆಂಬುದೇ ಅದರ ಮೊದಲ ಉದ್ದೇಶ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ದೇಶದಲ್ಲೆಲ್ಲ ಹೆಸರಾದುದು ಇದೇ ಸಂಸ್ಥೆ.

ಸಾಲ ಕೊಡಬೇಕೆಂದರೆ ಹಣ ಬೇಕಷ್ಟೆ. ಸಿರಿವಂತರ ಹಣವನ್ನೇ ನೆಚ್ಚಿ ಕುಳಿತಿದ್ದರೆ ಕೆಲಸ ಕೆಡುತ್ತಿತ್ತು. ಅವರು ಹಿಡಿದ ದಾರಿಯೇ ಬೇರೆ. ೧೯೨೮ರಲ್ಲಿ ಪಿಗ್ಮಿ ಠೇವಣಿಯೆಂಬ ಕ್ರಮವನ್ನು ಹೊರಡಿಸಿದರು. ಬ್ಯಾಂಕಿನ ಕಡೆಯವನೊಬ್ಬನು ದಿನಾಲು ಮನೆಬಾಗಿಲಿಗೆ ಬರುವನು; ಎರಡಾಣೆ ಕೊಟ್ಟರೂ ಪಡೆದು, ಚೀಟಿಯಲ್ಲಿ ಗುರುತು ಹಾಕಿ ಹೋಗುವನು. ಬ್ಯಾಂಕಿನ ಮೆಟ್ಟಲೇರಲು ಅಂಜುತ್ತಿದ್ದ ಮೀನು ಮಾರುವವಳಿಗೂ, ಬೀಡಿ ಕಟ್ಟುವವಳಿಗೂ, ಸಣ್ಣ ಅಂಗಡಿಯವನಿಗೂ ಬ್ಯಾಂಕು ತಾನೇ ನಡೆದು ಬಂದಂತಾಯಿತು. ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ ೭೩೦ ಆಣೆ. ಹದಿನಾರರಿಂದ ಭಾಗಿಸಿದರೆ ೪೫ ರೂಪಾಯಿ ೧೦ ಆಣೆ. ಅಂದಿನ ಬಡಕುಟುಂಬಕ್ಕೆ ಅದೊಂದು ಗಂಟೇ ಸರಿ.

ನಮ್ಮ ಬಾಲ್ಯದ ಹೊತ್ತಿಗೆ ಆಣೆಗಳ ಚಲಾವಣೆ ನಿಂತಿತ್ತು, ಹೆಸರು ಮಾತ್ರ ಬಾಯಲ್ಲಿ ಉಳಿದಿತ್ತು. ಸಂಜೆ ದೀಪ ಹಚ್ಚುವ ವೇಳೆಗೆ ಪಿಗ್ಮಿಯವರು ಕೊಡೆ ಮಡಚಿಕೊಂಡು ನಮ್ಮ ಅಂಗಳಕ್ಕೆ ಬರುತ್ತಿದ್ದರು. "ಅಮ್ಮಾ, ಪಿಗ್ಮಿ" ಎಂಬ ಕೂಗು ಕೇಳಿದೊಡನೆ ನಮ್ಮ ತಾಯಿ ಸಾಸಿವೆ ಡಬ್ಬಿಯಿಂದ ಎಂಟಾಣೆಯೊಂದನ್ನು ತೆಗೆದು ಸೆರಗಿನಲ್ಲಿ ಒರಸಿ ಕೊಡುತ್ತಿದ್ದರು. ಮಳೆಗಾಲದಲ್ಲಿ, ತಂದೆಯವರಿಗೆ ಕೆಲಸವಿಲ್ಲದ ದಿನಗಳಲ್ಲಿ, ಕೊಡಲು ಏನೂ ಇರುತ್ತಿರಲಿಲ್ಲ; ಆಗ ತಾಯಿ ಬಾಗಿಲ ಮರೆಯಲ್ಲಿ ನಿಂತು ನಮ್ಮನ್ನು ಹೊರಕ್ಕೆ ಕಳುಹಿಸುತ್ತಿದ್ದರು. ಪಿಗ್ಮಿಯವರು ಮುಖ ಸಿಂಡರಿಸುತ್ತಿರಲಿಲ್ಲ. "ನಾಳೆ ಬರುತ್ತೇನೆಂದು ಹೇಳು, ಮಗಾ" ಎಂದು ಹೋಗುತ್ತಿದ್ದರು, ನಾಳೆ ಬರುತ್ತಿದ್ದರು. ಆ ಎಂಟಾಣೆಗಳೇ ಒಟ್ಟುಗೂಡಿ ನಮ್ಮನ್ನು ಸಂಸ್ಕೃತ ಪಾಠಶಾಲೆಗೆ ಸೇರಿಸಿದುವು. ನಾವು ಓದಿದ ಅಮರಕೋಶದ ಪ್ರತಿಯೂ ಅದರಲ್ಲಿಯೇ ಬಂದಿತು.

ಸಂಸ್ಕೃತದಲ್ಲಿ ದೇಹಲೀದೀಪನ್ಯಾಯವೆಂದು ಒಂದುಂಟು. ಹೊಸ್ತಿಲ ಮೇಲಿಟ್ಟ ದೀಪ ಒಳಮನೆಗೂ ಬೆಳಕು ಕೊಡುತ್ತದೆ, ಅಂಗಳಕ್ಕೂ ಬೆಳಕು ಕೊಡುತ್ತದೆ. ನಮ್ಮ ತಾಯಿ ಹೊಸ್ತಿಲಲ್ಲಿ ನಿಂತು ಕೊಟ್ಟ ನಾಣ್ಯ ಹಾಗೆಯೇ ಆಯಿತು. ಮನೆಯೊಳಗೆ ಅದು ಮಗನ ಓದಾಯಿತು; ಬ್ಯಾಂಕಿಗೆ ಹೋಗಿ, ಸಾಲವಾಗಿ, ಊರಿನ ಯಾರದೋ ಮಗ್ಗಕ್ಕೆ ನೂಲಾಯಿತು, ಯಾರದೋ ಅಂಗಡಿಗೆ ಅಕ್ಕಿಮೂಟೆಯಾಯಿತು. ತಾನು ಊರನ್ನು ಉದ್ಧರಿಸುತ್ತಿದ್ದೇನೆಂದು ನಮ್ಮ ತಾಯಿ ಒಂದು ದಿನವೂ ಎಣಿಸಿದವರಲ್ಲ.

ಇಲ್ಲಿಯ ತನಕ ಹೇಳಿದುದನ್ನು ಕೇಳಿ ನಮ್ಮ ಶಿಷ್ಯನು, "ಇದೂ ಅರ್ಥವಾದವೇ ಅಲ್ಲವೆ, ಮಾಷ್ಟ್ರೆ? ನೀವೂ ಊರನ್ನು ಹೊಗಳುತ್ತಲೇ ಇದ್ದೀರಿ" ಎಂದನು. ಹುಡುಗನು ಚುರುಕಾಗಿದ್ದಾನೆ. ಆದುದರಿಂದ ಅವನಿಗೆ ಇನ್ನೊಬ್ಬ ವಕೀಲರ ಕಥೆಯನ್ನು ಹೇಳಬೇಕಾಯಿತು. ಅದರಲ್ಲಿ ಊರಿಗೆ ಹೊಗಳಿಕೆ ಬಹಳವಿಲ್ಲ.

ಕುದ್ಮುಲ್ ರಂಗರಾಯರು (೧೮೫೯–೧೯೨೮) ಮಂಗಳೂರಿನಲ್ಲಿ ವಕೀಲಿ ಮಾಡುತ್ತಿದ್ದವರು. ಊರು ಬೆಳೆಯುತ್ತಿತ್ತು, ಶಾಲೆಗಳು ಏಳುತ್ತಿದ್ದುವು, ಹಂಚಿನ ಕಾರ್ಖಾನೆಗಳ ಹೊಗೆ ಆಕಾಶಕ್ಕೇರುತ್ತಿತ್ತು. ಆದರೆ ಆ ಊರಿನ ಕೊಳೆಯನ್ನು ಹೊರುತ್ತಿದ್ದವರ ಮಕ್ಕಳಿಗೆ ಆ ಶಾಲೆಗಳ ಬಾಗಿಲು ತೆರೆದಿರಲಿಲ್ಲ. ರಂಗರಾಯರು ೧೮೯೨ರಲ್ಲಿ ದಲಿತರ ಮಕ್ಕಳಿಗಾಗಿ ಶಾಲೆ ತೆರೆದರು. ೧೮೯೭ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಇದಕ್ಕಾಗಿ ಅವರ ಜಾತಿಯವರೇ ಅವರನ್ನು ದೂರವಿಟ್ಟರು. ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವರೊಬ್ಬರು ಹೀಗೆ ಹೊರಗಾಗಿ ನಿಂತು ಮಾಡಿದ ಕೆಲಸವನ್ನು ಊರು ಅಂದು ಮೆಚ್ಚಲಿಲ್ಲ. ಇಂದು ಮಂಗಳೂರಿನ ಪುರಭವನಕ್ಕೆ ಅವರದೇ ಹೆಸರು.

'ನಮ್ಮ ಊರು' ಎಂಬ ಮಾತಿನಲ್ಲಿ 'ನಮ್ಮ' ಎಂಬುದು ಯಾರನ್ನು ಒಳಗೊಳ್ಳುತ್ತದೆ? ವ್ಯಾಕರಣದಲ್ಲಿ ಅದು ಬರಿಯ ಷಷ್ಠೀವಿಭಕ್ತಿಯ ಬಹುವಚನ. ಊರ ವ್ಯವಹಾರದಲ್ಲಿ ಮಾತ್ರ ಆ ಬಹುವಚನದಿಂದ ಹೊರಗುಳಿದವರು ಯಾವಾಗಲೂ ಇರುತ್ತಾರೆ. ರಂಗರಾಯರು ಆ ಲೆಕ್ಕವನ್ನು ತಿದ್ದಿದರು. ಊರನ್ನು ಪ್ರೀತಿಸುವವನ ಮೊದಲ ವಿಧಿ ಇದೆಂದು ನಾವು ತಿಳಿಯುತ್ತೇವೆ: ತನ್ನ ಹೊಗಳಿಕೆಯಲ್ಲಿ ಯಾರ ಮನೆ ಬಿಟ್ಟುಹೋಯಿತೆಂದು ನೋಡಿಕೊಳ್ಳುವುದು.

ಎರಡನೆಯ ವಿಧಿಗೆ ಇನ್ನೂ ಹತ್ತಿರದ ಉದಾಹರಣೆಯುಂಟು. ಮಣಿಪಾಲದ ವಿಜಯನಾಥ ಶೆಣೈಯವರು ಸಿಂಡಿಕೇಟ್ ಬ್ಯಾಂಕಿನಲ್ಲಿ ಉದ್ಯೋಗಿಯಾಗಿದ್ದವರು. ಸಂಬಳದಿಂದ ಸಂಸಾರ ನಡೆಸುತ್ತಿದ್ದ ಗೃಹಸ್ಥರು. ಊರೂರುಗಳಲ್ಲಿ ಹಳೆಯ ಚೌಕಿಮನೆಗಳನ್ನು ಕೆಡವಿ ಕಾಂಕ್ರೀಟಿನ ಮನೆಗಳನ್ನು ಕಟ್ಟುತ್ತಿದ್ದ ಕಾಲದಲ್ಲಿ, ಕೆತ್ತನೆಯ ಕಂಬಗಳೂ ಬಾಗಿಲವಾಡಗಳೂ ಸೌದೆಯ ಪಾಲಾಗುವುದನ್ನು ಕಂಡು ಎಲ್ಲರೂ "ಅಯ್ಯೋ" ಎಂದರು. ಶೆಣೈಯವರು ಅವುಗಳನ್ನು ಮನೆಗೆ ಹೊತ್ತು ತಂದರು. ಅಂತಹ ಮರಮುಟ್ಟುಗಳಿಂದಲೇ ತಮ್ಮ ವಾಸದ ಮನೆಯನ್ನು ಕಟ್ಟಿಕೊಂಡರು. ಆಮೇಲೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. ಮಿಯಾರಿನ ಮನೆ, ಕುಕನೂರಿನ ಕಮಲಮಹಲ್ ಮೊದಲಾದುವನ್ನು ಇಂದು ಅಲ್ಲಿಯ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ನೋಡಬಹುದು. ೨೦೧೭ರಲ್ಲಿ ಅವರು ತೀರಿಕೊಂಡರು. ಪರಂಪರೆಯ ವಿಷಯವಾಗಿ ಭಾಷಣ ಮಾಡಿದವರು ಆ ಕಾಲದಲ್ಲಿ ಎಷ್ಟೋ ಮಂದಿ ಇದ್ದರು; ನಾವೂ ಅವರಲ್ಲಿ ಒಬ್ಬರು. ಭಾಷಣದಿಂದ ಒಂದು ಕಂಬವೂ ಉಳಿಯಲಿಲ್ಲ.

ಇನ್ನು ಆ ಐದು ಬ್ಯಾಂಕುಗಳ ಗತಿಯನ್ನೂ ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ೧೯೬೯ರಲ್ಲಿ ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ, ೧೯೮೦ರಲ್ಲಿ ಕಾರ್ಪೊರೇಶನ್, ವಿಜಯಾ ಬ್ಯಾಂಕುಗಳೂ ರಾಷ್ಟ್ರೀಕೃತವಾದುವು. ೧೯೩೧ರಲ್ಲಿ ಎ. ಬಿ. ಶೆಟ್ಟರು ಮಂಗಳೂರಿನಲ್ಲಿ ಆರಂಭಿಸಿದ ವಿಜಯಾ ಬ್ಯಾಂಕು ೨೦೧೯ರ ಏಪ್ರಿಲ್ ೧ರಂದು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ಮುಂದಿನ ವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದುವು. ೧೯೨೪ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕರ್ಣಾಟಕ ಬ್ಯಾಂಕು ಮಾತ್ರ ಖಾಸಗಿಯಾಗಿಯೇ ಉಳಿದು, ಮಂಗಳೂರಿನಲ್ಲಿಯೇ ಪ್ರಧಾನ ಕಚೇರಿಯನ್ನು ಇಟ್ಟುಕೊಂಡಿದೆ.

ಹಳೆಯ ನಾಮಫಲಕವನ್ನು ಇಳಿಸಿದ ದಿನ ನಮ್ಮ ಬೀದಿಯ ವೃದ್ಧರೊಬ್ಬರು ಬಹಳ ಹೊತ್ತು ಅದರ ಎದುರು ನಿಂತಿದ್ದರು. ನಮಗೂ ವ್ಯಥೆಯಾಯಿತು. ಆದರೆ ವ್ಯಥೆಪಟ್ಟುಕೊಂಡು ಮನೆಗೆ ಬಂದೆವು, ಅಷ್ಟೇ. ದೊಡ್ಡ ಸಂಸ್ಥೆಗಳ ಏಳುಬೀಳುಗಳನ್ನು ದೊಡ್ಡವರು ನಿರ್ಣಯಿಸುತ್ತಾರೆ. ಆ ಸಂಸ್ಥೆಗಳನ್ನು ಹುಟ್ಟಿಸಿದ ಮೊದಲ ಕೆಲಸವಿದೆಯಲ್ಲ, ನೆರೆಮನೆಯ ನೇಕಾರನ ಒಲೆ ಹೊತ್ತಿದೆಯೇ ಎಂದು ನೋಡುವ ಕೆಲಸ, ಅದನ್ನು ಯಾವ ವಿಲೀನವೂ ನಮ್ಮ ಕೈಯಿಂದ ಕಸಿದುಕೊಂಡಿಲ್ಲ.

ಇಷ್ಟು ಹೇಳಿ ನಾವು ಉಪಸಂಹಾರ ಮಾಡುವವರಿದ್ದೆವು. ಅಷ್ಟರಲ್ಲಿ ನಮ್ಮ ಶಿಷ್ಯನು ಕೇಳಿದನು: "ಆ ನೇಕಾರರು ಈಗ ಏನಾಗಿದ್ದಾರೆ, ಮಾಷ್ಟ್ರೆ?"

ನಮಗೆ ತಿಳಿದಷ್ಟನ್ನು ಹೇಳಿದೆವು. ಕೈಮಗ್ಗದಲ್ಲಿ ನೇಯುವ, ತೆಳುವಾದ, ನಮ್ಮ ಸೆಕೆಗೆ ಹೇಳಿಸಿದಂತಿರುವ ಹತ್ತಿಯ ಉಡುಪಿ ಸೀರೆಗೆ ೨೦೧೬ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಮನ್ನಣೆ ಬರುವ ಹೊತ್ತಿಗೆ ಅದನ್ನು ನೇಯುವವರೇ ಬೆರಳೆಣಿಕೆಗೆ ಇಳಿದಿದ್ದರು, ಉಳಿದವರೂ ವೃದ್ಧರು. ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದರು. ೨೦೧೮ರಿಂದೀಚೆಗೆ ಕದಿಕೆ ಟ್ರಸ್ಟ್ ಎಂಬ ಒಂದು ಸಣ್ಣ ಸಂಸ್ಥೆಯವರು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘದ ಜೊತೆ ನಿಂತು ಕೆಲಸ ಮಾಡುತ್ತಿದ್ದಾರೆ. ಅಡಕೆಯ ಚೊಗರಿನಿಂದ ಬಣ್ಣ ಕಟ್ಟುವುದನ್ನು ರೂಢಿಗೆ ತಂದಿದ್ದಾರೆ. ನಿಂತುಹೋದ ಮಗ್ಗಗಳು ಮತ್ತೆ ನಡೆಯುವಂತೆ ಮಾಡಿದ್ದಾರೆ. ಹೊಸಬರಿಗೂ ನೇಯ್ಗೆ ಕಲಿಸುತ್ತಿದ್ದಾರೆ. ಸೀರೆಯ ಜೊತೆಯಲ್ಲಿ ಅದನ್ನು ನೇಯ್ದವರ ಹೆಸರೂ ಭಾವಚಿತ್ರವೂ ಇರುವ ಚೀಟಿಯನ್ನು ಇಡುತ್ತಾರೆ. "ಉಡುಪಿ ಸೀರೆಯ ಬಗ್ಗೆ ನಾವು ಶಾಲೆಯ ವಾರ್ಷಿಕೋತ್ಸವದಲ್ಲಿ ಎರಡು ಸಲ ಭಾಷಣ ಮಾಡಿದ್ದೇವೆ" ಎಂದೂ ಸೇರಿಸಿದೆವು.

ಅವನು ಬಹಳ ವಿನಯದಿಂದಲೇ, "ನಿಮ್ಮ ಮನೆಯಲ್ಲಿ ಒಂದು ಉಡುಪಿ ಸೀರೆ ಇದೆಯೇ, ಮಾಷ್ಟ್ರೆ?" ಎಂದನು.

ನಾವು ಒಳಕ್ಕೆ ನೋಡಿದೆವು. ಅಡುಗೆಮನೆಯ ಬಾಗಿಲಲ್ಲಿ ಕಾಫಿಯ ತಟ್ಟೆ ಹಿಡಿದು ನಿಂತಿದ್ದ ನಮ್ಮ ಮನೆಯವರು, ನಮಗಾಗಿ ಉತ್ತರ ಕೊಟ್ಟರು: "ಅತ್ತೆಯವರದೊಂದು ಇತ್ತು ಮಾರಾಯಾ, ಪೆಟ್ಟಿಗೆಯಲ್ಲಿ. ಹರಿದುಹೋಗಿದೆ. ನನಗೆ ಇವರು ತಂದದ್ದಿಲ್ಲ. ಮೂವತ್ತೆರಡು ವರ್ಷವಾಯಿತು."

ವಾಚಕರೆ, ಆ ಸಂಜೆ ಕಾಫಿ ನಮಗೆ ರುಚಿಸಲಿಲ್ಲ. ನೇಕಾರರಿಗಾಗಿ ಹುಟ್ಟಿದ ಬ್ಯಾಂಕಿನ ಹಣದಿಂದ ಓದಿ ಪಂಡಿತರೆನಿಸಿಕೊಂಡವರು ನಾವು. ದೇಹಲೀದೀಪದ ಬೆಳಕಿನಲ್ಲಿ ಒಳಮನೆಯ ಪಾಲನ್ನು ಪೂರ್ತಿಯಾಗಿ ಪಡೆದು, ಅಂಗಳದ ಕಡೆ ತಿರುಗಿ ನೋಡಿದವರಲ್ಲ. ಮಾರ್ಗದ ಬದಿಯ ದೊಡ್ಡ ಅಂಗಡಿಯಲ್ಲಿ ದೂರದ ಗಿರಣಿಯ ಸೀರೆಗಳನ್ನು ಕೊಂಡು, ವೇದಿಕೆಯ ಮೇಲೆ ಊರ ನೇಯ್ಗೆಯನ್ನು ಹೊಗಳಿದವರು. ಶಿಷ್ಯನ ಮೂವತ್ತು ಲೇಖನಗಳಲ್ಲಿ ನಾವು ಕಂಡುಹಿಡಿದ ದೋಷ ನಮ್ಮ ಮೂವತ್ತೆರಡು ವರ್ಷಗಳ ಸಂಸಾರದಲ್ಲಿಯೇ ಇತ್ತು.

ಅಂದು ಅವನೊಡನೆ ಒಂದು ಕರಾರು ಮಾಡಿಕೊಂಡೆವು. ಅವನು ತನ್ನ ಕಸಬಿನ ಕಣ್ಣಿನಿಂದ ಒಂದು ಸೀರೆಯ ಲೆಕ್ಕವನ್ನು ಬರೆಯತಕ್ಕದ್ದು: ನೂಲಿಗೆ ಎಷ್ಟು, ಬಣ್ಣಕ್ಕೆ ಎಷ್ಟು, ಮಗ್ಗದ ಮುಂದೆ ಕುಳಿತ ದಿನಗಳೆಷ್ಟು, ಉಂಡೆ ಸುತ್ತಿಕೊಡುವ ಹೆಂಗಸಿನ ಕೂಲಿ ಎಷ್ಟು, ಮಾರುವವನ ಪಾಲೆಷ್ಟು, ಕಡೆಯಲ್ಲಿ ನೇಯ್ದವನ ಕೈಗೆ ಉಳಿಯುವುದೆಷ್ಟು. ನಾವು ಒಂದು ಸೀರೆಯನ್ನು, ಚೌಕಾಸಿ ಮಾಡದೆ, ಕೊಳ್ಳತಕ್ಕದ್ದು. ಎರಡೂ ಆದ ಮೇಲೆ ಮುನ್ನುಡಿ.

ಮೂರು ಭಾನುವಾರಗಳ ಕಾಲ ಅವನು ಒಬ್ಬ ವೃದ್ಧ ನೇಕಾರರ ಮಗ್ಗದ ಪಕ್ಕದಲ್ಲಿ ಕುಳಿತನು. ಮೂವತ್ತೊಂದನೆಯ ಲೇಖನವನ್ನು ತಂದಾಗ ಅದರಲ್ಲಿ ವಿಶೇಷಣಗಳು ಬಹಳ ಕಡಮೆಯಿದ್ದುವು. ನೇಕಾರರು ಕಾಲ ಕಳೆಯಲು ಹಾಡುವರೇ ಎಂದು ಇವನು ಕೇಳಿದನಂತೆ. "ಹಾಡಿದರೆ ಎಳೆ ತಪ್ಪುತ್ತದೆ" ಎಂದರಂತೆ ಅವರು. ಅದನ್ನು ಹಾಗೆಯೇ ಬರೆದಿದ್ದನು. ಅದನ್ನು ಓದಿದ ಪರದೇಶದ ಊರವರಲ್ಲಿ ಕೆಲವರು ಈ ಸಲ ಕಣ್ಣೀರಿನ ಬದಲು ವಿಳಾಸ ಕೇಳಿ ಬರೆದರೆಂದು ಅವನು ಸಂತೋಷಪಟ್ಟನು. ಸಣ್ಣ ಸಣ್ಣ ಕಸಬಿನವರ ಲೆಕ್ಕದ ಪುಸ್ತಕಗಳನ್ನು ತಿಂಗಳಿಗೆ ಒಂದು ದಿನ, ಶುಲ್ಕವಿಲ್ಲದೆ, ನೋಡಿಕೊಡುವುದೆಂದೂ ನಿಶ್ಚಯಿಸಿಕೊಂಡಿದ್ದಾನೆ. ಇದಕ್ಕೆ ನಾವು ಹೇಳಿಕೊಟ್ಟುದು ಏನೂ ಇಲ್ಲ. ಸುಬ್ಬರಾವ್ ಪೈಗಳಿಗೆ ವಕೀಲಿ ಹೇಗೋ, ಇವನಿಗೆ ಲೆಕ್ಕ ಹಾಗೆ.

ಇದರಿಂದ ಗೃಹಸ್ಥರಾದ ನಾವು ತಿಳಿಯತಕ್ಕದ್ದು ಇಷ್ಟು. ಊರಿಗಾಗಿ ಹೊಸದೊಂದು ಉದ್ಯೋಗವನ್ನು ಹಿಡಿಯಬೇಕಾಗಿಲ್ಲ. ಇರುವ ಉದ್ಯೋಗವನ್ನೇ ಊರ ಕಡೆಗೆ ಸ್ವಲ್ಪ ತಿರುಗಿಸಿದರೆ ಸಾಕು. ವೈದ್ಯರಾದವರಿಗೆ, ಬಡಗಿಗಳಾದವರಿಗೆ, ಉಪಾಧ್ಯಾಯರಾದವರಿಗೆ, ಮನೆವಾರ್ತೆ ನೋಡುವ ಹೆಂಗಸರಿಗೆ ತಮ್ಮ ತಮ್ಮ ಕೆಲಸದ ಮೂಲಕ ಊರಿನ ಒಂದೊಂದು ಮೂಲೆ ಕಾಣುತ್ತಿರುತ್ತದೆ. ಬೇರೆಯವರಿಗೆ ಆ ಮೂಲೆ ಕಾಣಿಸದು. ವಾಚಕರು ತಮ್ಮ ಊರಿನ ಯಾವ ವಸ್ತುವನ್ನು ನೆಂಟರ ಮುಂದೆ ಹೆಚ್ಚಾಗಿ ಹೊಗಳುತ್ತಾರೋ, ಅದನ್ನು ಮಾಡುವ ಒಬ್ಬರ ಹೆಸರು ತಮಗೆ ತಿಳಿದಿದೆಯೇ ಎಂದು ಒಮ್ಮೆ ಕೇಳಿಕೊಳ್ಳಲಿ. ತಿಳಿಯದಿದ್ದರೆ ಹೋಗಿ ಕೇಳಿಕೊಂಡು ಬರಲಿ. ಆಮೇಲೆ ಹೊಗಳಲಿ, ಯಾರೂ ಬೇಡವೆನ್ನರು.

ಮುನ್ನುಡಿಯನ್ನು ಬರೆದುಕೊಟ್ಟಿದ್ದೇವೆ. ಸೀರೆಯೂ ಬಂದಿದೆ, ತಿಳಿನೀಲಿ ಮೈ, ಕೆಂಪು ಅಂಚು. ನಮ್ಮ ಮನೆಯವರು ಅದನ್ನು ಬಿಡಿಸಿ ನೋಡಿ, ಚೀಟಿಯಲ್ಲಿದ್ದ ನೇಕಾರರ ಹೆಸರನ್ನು ಗಟ್ಟಿಯಾಗಿ ಓದಿ, ಅತ್ತೆಯವರ ಹರಕು ಸೀರೆಯ ಪಕ್ಕದಲ್ಲಿ ಮಡಿಸಿಟ್ಟರು. ಪೆಟ್ಟಿಗೆಯಲ್ಲಿ ಇಡಲು ತಂದದ್ದಲ್ಲವೆಂದು ನಾವು ಹೇಳಿದುದಕ್ಕೆ, "ಗೊತ್ತುಂಟು. ಬರುವ ಶುಕ್ರವಾರ ಉಡುತ್ತೇನೆ. ಇನ್ನೊಂದು ಯಾವಾಗ?" ಎಂದರು.